ಬೆನ್ನ ಮೇಲಿನ ಚೀಲ, ಹೊಟ್ಟೆಯ ಮೇಲಿನ ಚೀಲ

ಪುಣೆಯ ಗುಲ್ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡಿನಲ್ಲಿ ವಾಸನೆಗೆ ಬರವಿಲ್ಲ. ಕಾಂದಾ-ಬಟಾಟಾ ವಿಭಾಗದಲ್ಲಿ ಈರುಳ್ಳಿ, ಬೆಳ್ಳುಳ್ಳಿಯ ಘಾಟು. ಗೂಳ-ಭೂಸಾರ ಅಂಗಡಿಗಳಲ್ಲಿ ಬೆಲ್ಲ, ಬೇಳೆ, ಮಸಾಲೆ. ಹೂವಿನ ಬಜಾರಿನಲ್ಲಿ ಚೆಂಡುಹೂವು, ಸೇವಂತಿಗೆ. ತರಕಾರಿ ಸಾಲುಗಳ ಹಿಂದೆ ಕೊಳೆಯುತ್ತ ಬಿದ್ದ ಕೋಸಿನ ಹೊರಎಲೆಗಳು. ಕರ್ನಾಟಕದ ಎಲೆಕೋಸು, ಶುಂಠಿ, ಹಂಗಾಮು ಬಂದಾಗ ಮಾವು ತುಂಬಿದ ಲಾರಿಗಳು ಕತ್ತಲಿರುವಾಗಲೇ ಇಲ್ಲಿ ಬಂದು ನಿಲ್ಲುತ್ತವೆ. ಹಮಾಲರು ಬೆನ್ನು ಕೊಟ್ಟು ಇಳಿಸುತ್ತಾರೆ. ಬೆವರು, ಡೀಸೆಲ್, ಕೊಳೆತ ಸೊಪ್ಪು ಎಲ್ಲ ಬೆರೆತ ಆ ಗಾಳಿಯಲ್ಲಿ ಯಾರೂ ಯಾರನ್ನು ನೋಡಿಯೂ ಮೂಗು ಮುರಿಯುವುದಿಲ್ಲ. ಆದರೆ ಇಂಥ ಜಾಗದಲ್ಲಿ ದುಡಿಯುವ ಒಬ್ಬರಿಗೆ ಗುದನಾಳದ ಕ್ಯಾನ್ಸರ್ ಆಗಿ, ಆಪರೇಷನ್ನಿನಲ್ಲಿ ಮಲದ ದಾರಿಯನ್ನೇ ಹೊಟ್ಟೆಗೆ ತಿರುಗಿಸಿ ಚೀಲ ಕಟ್ಟಿದರೆನ್ನಿ. ಗಾಯ ಮಾಯುತ್ತದೆ, ಮೈಗೆ ಶಕ್ತಿ ಬರುತ್ತದೆ, ಆದರೂ ಆ ಮನುಷ್ಯ ಯಾರ್ಡಿಗೆ ಮರಳಲು ಹಿಂಜರಿಯುತ್ತಾರೆ. ‘ನನ್ನಿಂದ ವಾಸನೆ ಬಂದರೆ?’ ಎಂಬ ಒಂದೇ ಪ್ರಶ್ನೆ ಅವರನ್ನು ಮನೆಯ ಮೂಲೆಯಲ್ಲಿ ಕೂರಿಸಿಬಿಡುತ್ತದೆ. ಕೊಲೊಸ್ಟಮಿ ಆದವರ ಬದುಕಿನ ಕುರಿತ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಭಯಗಳೂ ಇವೇ: ಚೀಲ ಸೋರುವುದು, ವಾಸನೆ ಬರುವುದು. ಈ ವಾಸನೆಯನ್ನು ನಾವು ರೋಗಿಯ ದೇಹಕ್ಕೆ ಅಂಟಿದ ಗುಣವೆಂದು ತಿಳಿದಿದ್ದೇವೆ. ವಾಸ್ತವವಾಗಿ ಅದು ಬಹುಪಾಲು ಸಲಕರಣೆಯ, ಕಲಿಕೆಯ, ಶೌಚಾಲಯದ ಕೊರತೆಯಿಂದ ಹುಟ್ಟುವಂಥದ್ದು. ಹಾಗಾಗಿ ಅದನ್ನು ತಡೆಯುವ ಹೊರೆಯನ್ನು ರೋಗಿಯೊಬ್ಬರ ಮೇಲೇ ಹೊರಿಸುವುದು ನ್ಯಾಯವಲ್ಲ.

ಮೊದಲು ಕೊಲೊಸ್ಟಮಿ ಎಂದರೇನು ಎಂಬುದು ಸ್ಪಷ್ಟವಾಗಲಿ. ದೊಡ್ಡ ಕರುಳಿನ ಒಂದು ತುದಿಯನ್ನು ಹೊಟ್ಟೆಯ ಗೋಡೆಯಿಂದ ಹೊರತಂದು, ಚರ್ಮಕ್ಕೆ ಹೊಲಿದು, ಅಲ್ಲಿ ಒಂದು ಬಾಯಿ ಮಾಡುತ್ತಾರೆ. ಅದಕ್ಕೆ ಸ್ಟೋಮಾ ಎನ್ನುತ್ತಾರೆ. ಅದು ಕೆಂಪಗೆ, ಒದ್ದೆಯಾಗಿ, ಕೆನ್ನೆಯ ಒಳಗೋಡೆಯ ಹಾಗಿರುತ್ತದೆ. ಮುಟ್ಟಿದರೆ ನೋಯುವುದಿಲ್ಲ. ಗುದದಲ್ಲಿರುವಂತೆ ಬಿಗಿಹಿಡಿಯುವ ಸ್ನಾಯು ಅಲ್ಲಿಲ್ಲವಾದ್ದರಿಂದ ಮಲವನ್ನಾಗಲಿ ಗಾಳಿಯನ್ನಾಗಲಿ ಬೇಕೆಂದಾಗ ತಡೆಯಲು ಆಗುವುದಿಲ್ಲ. ಬಂದದ್ದನ್ನು ಹಿಡಿಯಲು ಚೀಲ ಬೇಕು. ಗುದನಾಳವನ್ನು ಪೂರ್ತಿ ತೆಗೆದುಹಾಕುವ ಶಸ್ತ್ರಕ್ರಿಯೆಯನ್ನು ಲಂಡನ್ನಿನ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ವಿವರಿಸಿದ ಮೇಲೆ, ಕ್ಯಾನ್ಸರಿನಿಂದ ಬದುಕುಳಿದ ಅಸಂಖ್ಯ ಜನ ಶಾಶ್ವತ ಕೊಲೊಸ್ಟಮಿಯೊಂದಿಗೆ ಬಾಳಿದ್ದಾರೆ. ಅಪಘಾತ, ಕರುಳು ತೂತಾಗುವುದು, ಹುಟ್ಟಿನಿಂದಲೇ ಗುದದ್ವಾರ ರೂಪುಗೊಳ್ಳದಿರುವುದು ಇಂಥ ಕಾರಣಗಳಿಗೆ ಮಾಡುವ ಕೊಲೊಸ್ಟಮಿಯನ್ನು ಎಷ್ಟೋ ಸಲ ಕೆಲವು ತಿಂಗಳ ನಂತರ ಮುಚ್ಚಬಹುದು. 1981ರಲ್ಲಿ ಗುಂಡೇಟು ತಿಂದ ಪೋಪ್ ಎರಡನೆಯ ಜಾನ್ ಪಾಲ್ ಅವರಿಗೆ ಆದದ್ದು ಅಂಥ ತಾತ್ಕಾಲಿಕ ಕೊಲೊಸ್ಟಮಿ. ಚಿತ್ರಕಾರ ಆನ್ರಿ ಮಾತಿಸ್ 1941ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮತ್ತೆ ಹದಿಮೂರು ವರ್ಷ ಬದುಕಿ, ಬಣ್ಣದ ಕಾಗದ ಕತ್ತರಿಸಿ ಮಾಡಿದ ತಮ್ಮ ಪ್ರಸಿದ್ಧ ಕೃತಿಗಳನ್ನು ಆಮೇಲೆಯೇ ರಚಿಸಿದರು.

ಇನ್ನು ವಾಸನೆ. ಕರುಳಿನ ಗಾಳಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ವಾಸನೆಯೇ ಇಲ್ಲದ ಅನಿಲಗಳು: ಸಾರಜನಕ, ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್. ನಾರುವುದು ಅತ್ಯಲ್ಪ ಪ್ರಮಾಣದ ಗಂಧಕದ ಸಂಯುಕ್ತಗಳು. ಅಮೆರಿಕದ ಮಿನಿಯಾಪೊಲಿಸಿನ ಮೈಕೆಲ್ ಲೆವಿಟ್ ಮತ್ತು ಸಂಗಡಿಗರು ಆರೋಗ್ಯವಂತರ ಗಾಳಿಯನ್ನು ಸಂಗ್ರಹಿಸಿ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೈಡ್ರೋಜನ್ ಸಲ್ಫೈಡ್ ಮುಖ್ಯ ಅಪರಾಧಿಯೆಂದು ಕಂಡಿತು. ನಮ್ಮ ಮೂಗು ಅದನ್ನು ನೂರು ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಗುರುತಿಸುತ್ತದೆ. ಈ ಮಾಹಿತಿಯಲ್ಲಿ ಎರಡು ಸಂಗತಿ ಅಡಗಿದೆ. ಒಂದು, ಕೊಲೊಸ್ಟಮಿ ಆದವರ ಮಲ ಉಳಿದವರ ಮಲಕ್ಕಿಂತ ಬೇರೆಯಾದದ್ದೇನೂ ಅಲ್ಲ. ಅದೇ ಕರುಳು, ಅದೇ ಬ್ಯಾಕ್ಟೀರಿಯಾ, ಅದೇ ಅನಿಲ. ಎರಡು, ತಡೆಯಬೇಕಾದ ವಸ್ತು ಎಷ್ಟು ಕಡಿಮೆಯೋ ತಡೆ ಅಷ್ಟು ಕರಾರುವಾಕ್ಕಾಗಿರಬೇಕು. ಕೂದಲೆಳೆಯಷ್ಟು ಸಂದು ಸಾಕು, ಎಲ್ಲ ಶ್ರಮ ವ್ಯರ್ಥ. ಆದ್ದರಿಂದಲೇ ಇದನ್ನು ಶುಚಿತ್ವದ ಪಾಠ ಹೇಳಿ ಬಗೆಹರಿಸಲಾಗದು, ಒಳ್ಳೆಯ ಸಲಕರಣೆ ಬೇಕು.

ಆ ಸಲಕರಣೆ ಈಗ ಇದೆ ಎಂಬುದನ್ನು ಒತ್ತಿ ಹೇಳಬೇಕು. ಹಿಂದೆ ಬಟ್ಟೆ, ಡಬ್ಬಿ, ರಬ್ಬರ್ ಚೀಲ ಕಟ್ಟಿಕೊಂಡು ಜನ ನಿಜವಾಗಿಯೂ ನಾರುತ್ತಿದ್ದರು. ಚರ್ಮ ಕೊಳೆತು ಹುಣ್ಣಾಗುತ್ತಿತ್ತು. 1954ರಲ್ಲಿ ಡೆನ್ಮಾರ್ಕಿನ ನರ್ಸ್ ಎಲಿಸೆ ಸೋರೆನ್ಸನ್, ಶಸ್ತ್ರಚಿಕಿತ್ಸೆಯ ನಂತರ ಮನೆಬಿಟ್ಟು ಹೊರಡಲು ಹೆದರುತ್ತಿದ್ದ ತನ್ನ ತಂಗಿಗಾಗಿ, ಮೈಗೆ ಅಂಟಿಕೊಳ್ಳುವ, ಬಳಸಿ ಬಿಸಾಡುವ ಚೀಲವನ್ನು ಕಲ್ಪಿಸಿದಳು. ಅದೇ ದಶಕದ ಆರಂಭದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಸರ್ಜನ್ ರೂಪರ್ಟ್ ಟರ್ನ್‌ಬುಲ್ ಕರಾಯಾ ಎಂಬ ಗೋಂದು ಸ್ಟೋಮಾದ ಸುತ್ತಲ ಚರ್ಮವನ್ನು ಕಾಪಾಡುತ್ತದೆಂದು ಕಂಡುಕೊಂಡರು. ಕರಾಯಾ ನಮ್ಮದೇ ಮರದ ಗೋಂದು; ಭಾರತದ ಒಣಕಾಡುಗಳಲ್ಲಿ ಬೆಳೆಯುವ ಸ್ಟರ್ಕ್ಯುಲಿಯಾ ಯುರೆನ್ಸ್ ಮರದ ತೊಗಟೆ ಕೆತ್ತಿ ಆದಿವಾಸಿಗಳು ಸಂಗ್ರಹಿಸುವಂಥದ್ದು. ಇಲ್ಲಿನ ಕಾಡಿನ ಅಂಟಿನಿಂದ ಅಲ್ಲಿಯವರ ಚರ್ಮ ಉಳಿಯಿತು, ಇಲ್ಲಿಯ ರೋಗಿ ಬಹುಕಾಲ ಬಟ್ಟೆ ಸುತ್ತಿಕೊಂಡೇ ಇದ್ದ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಇಂದಿನ ಚೀಲದ ಪ್ಲಾಸ್ಟಿಕ್ ಹಾಳೆ ಹಲವು ಪದರಗಳದ್ದು, ಅದರಲ್ಲಿ ಒಂದು ಪದರ ವಾಸನೆಯ ಅಣುಗಳನ್ನು ಹೊರಬಿಡದಂಥದ್ದು. ಚರ್ಮಕ್ಕೆ ಅಂಟುವ ಪ್ಲೇಟು ಪೆಕ್ಟಿನ್, ಜೆಲಾಟಿನ್‌ನಂಥ ತೇವ ಹೀರುವ ಪದಾರ್ಥಗಳದ್ದು. ಹಲವು ಚೀಲಗಳಲ್ಲಿ ಇದ್ದಿಲಿನ ಫಿಲ್ಟರ್ ಇರುತ್ತದೆ. ಗಾಳಿ ಹೊರಹೋಗುತ್ತದೆ, ಗಂಧಕ ಒಳಗೇ ಉಳಿಯುತ್ತದೆ. ಸರಿಯಾಗಿ ಕೂತ ಒಳ್ಳೆಯ ಚೀಲದಿಂದ ಪಕ್ಕದಲ್ಲಿ ಕೂತವರಿಗೆ ವಾಸನೆ ಬರಬಾರದು. ಬಂದರೆ ಎಲ್ಲೋ ಸೋರಿಕೆ ಇದೆ ಎಂದರ್ಥ.

ಎಲ್ಲಿ ಸೋರುತ್ತದೆ? ಹೆಚ್ಚಾಗಿ ಪ್ಲೇಟಿನ ಅಡಿಯಲ್ಲಿ. ಆಪರೇಷನ್ ಆದ ಆರೆಂಟು ವಾರಗಳಲ್ಲಿ ಸ್ಟೋಮಾ ಕುಗ್ಗುತ್ತದೆ. ಆಸ್ಪತ್ರೆಯಲ್ಲಿ ಕತ್ತರಿಸಿಕೊಟ್ಟ ಅಳತೆಯಲ್ಲೇ ಪ್ಲೇಟಿನ ತೂತು ಕತ್ತರಿಸುತ್ತ ಹೋದರೆ ಸುತ್ತ ಚರ್ಮ ಬಯಲಾಗಿ, ಮಲ ತಾಗಿ, ಹುಣ್ಣಾಗಿ, ಅಂಟು ಬಿಡುತ್ತದೆ. ತೂತು ಸ್ಟೋಮಾಕ್ಕಿಂತ ಎರಡು-ಮೂರು ಮಿಲಿಮೀಟರ್ ದೊಡ್ಡದಿದ್ದರೆ ಸಾಕು. ಆಗಾಗ ಅಳೆದು ನೋಡಬೇಕು. ನಮ್ಮಲ್ಲಿ ಚರ್ಮ ಒಡೆಯದಿರಲೆಂದು ಕೊಬ್ಬರಿ ಎಣ್ಣೆ ಹಚ್ಚುವುದು ರೂಢಿ. ಎಣ್ಣೆ ಹಚ್ಚಿದ ಚರ್ಮಕ್ಕೆ ಯಾವ ಪ್ಲೇಟೂ ಅಂಟದು. ಬರೀ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅಂಟಿಸಿದ ಮೇಲೆ ಅಂಗೈ ಬಿಸಿ ತಾಗುವಂತೆ ಒಂದು ನಿಮಿಷ ಒತ್ತಿ ಹಿಡಿದರೆ ಅದು ಗಟ್ಟಿಯಾಗಿ ಕೂರುತ್ತದೆ. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು. ಭಾರ ಹೆಚ್ಚಾದರೆ ಪ್ಲೇಟನ್ನು ಎಳೆಯುತ್ತದೆ. ಖಾಲಿ ಮಾಡಿದ ಮೇಲೆ ಚೀಲದ ಬಾಲವನ್ನು ಒಳಗೂ ಹೊರಗೂ ಒರೆಸದೆ ಮಡಚಿದರೆ ವಾಸನೆ ಅಲ್ಲಿಂದಲೇ ಬರುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಗಾಳಿ ತುಂಬಿ ಉಬ್ಬಿತೆಂದು ಸೂಜಿಯಿಂದ ಚುಚ್ಚುವುದು, ಚೀಲದೊಳಗೆ ಆಸ್ಪಿರಿನ್ ಮಾತ್ರೆ ಹಾಕುವುದು ಎರಡೂ ತಪ್ಪು: ಮೊದಲನೆಯದರಿಂದ ವಾಸನೆಗೆ ಬಾಗಿಲು ತೆರೆದಂತೆ, ಎರಡನೆಯದರಿಂದ ಸ್ಟೋಮಾ ಕೆರಳಿ ರಕ್ತ ಬರಬಹುದು. ಮೇಲೆ ಅತ್ತರು ಪೂಸಿಕೊಂಡರೆ ಎರಡು ವಾಸನೆ ಬೆರೆತು ಜನರ ಗಮನ ಇನ್ನಷ್ಟು ಆ ಕಡೆ ಹೋಗುತ್ತದೆ. ಚೀಲದೊಳಗೆ ಹಾಕಲೆಂದೇ ತಯಾರಾದ ವಾಸನೆ ಕಳೆಯುವ ಹನಿಗಳಿವೆ, ಅವು ಉಪಯೋಗಕ್ಕೆ ಬರುತ್ತವೆ. ಬೆಳಿಗ್ಗೆ ಏನೂ ತಿನ್ನುವ ಮೊದಲು ಪ್ಲೇಟು ಬದಲಿಸಿ ಎಂದು ಎಲ್ಲರಿಗೂ ಒಂದೇ ಸಲಹೆ ಕೊಡುತ್ತಾರೆ. ಬೆಳಗಿನ ಜಾವ ಮೂರಕ್ಕೆ ದುಡಿಮೆ ಆರಂಭಿಸುವವರಿಗೆ ಈ ಸಲಹೆ ಒಗ್ಗದು. ಅವರ ಕರುಳು ಯಾವ ಹೊತ್ತಿಗೆ ಸುಮ್ಮನಿರುತ್ತದೋ ಗಮನಿಸಿ, ಆ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು.

‘ತಿನ್ನುವುದರಲ್ಲಿ ಹಿಡಿತವಿದ್ದರೆ ವಾಸನೆ ತಾನಾಗಿ ಕಡಿಮೆಯಾಗುತ್ತದೆ, ಸಲಕರಣೆಯ ಮಾತೇಕೆ’ ಎನ್ನುವವರಿದ್ದಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. ಈರುಳ್ಳಿ, ಬೆಳ್ಳುಳ್ಳಿ, ಕೋಸು, ಮೂಲಂಗಿ, ಮೊಟ್ಟೆ, ಮೀನು ಗಾಳಿಯನ್ನೋ ವಾಸನೆಯನ್ನೋ ಹೆಚ್ಚಿಸಬಹುದು. ಮೊಸರು, ಮಜ್ಜಿಗೆಯಿಂದ ಕೆಲವರಿಗೆ ಕಡಿಮೆಯಾಗುತ್ತದೆ. ಆದರೆ ಮಾರ್ಕೆಟ್ ಯಾರ್ಡಿನಲ್ಲಿ ದುಡಿಯುವವರ ಬುತ್ತಿಯೇ ಭಾಕರಿ, ಈರುಳ್ಳಿ, ಹಿಟ್ಟಿನ ಝುಣಕಾ. ಪುಣೆಯ ಹಮಾಲರ ಸಂಘಟನೆಯಾದ ಹಮಾಲ್ ಪಂಚಾಯತ್ 1974ರಲ್ಲಿ ಶುರುಮಾಡಿದ ‘ಕಷ್ಟಾಚೀ ಭಾಕರ್’ ಊಟದ ಕೇಂದ್ರಗಳು ನಿಂತಿರುವುದೇ ದುಡಿಯುವವರಿಗೆ ಅಗ್ಗದಲ್ಲಿ ಹೊಟ್ಟೆತುಂಬ ಊಟ ಸಿಗಬೇಕೆಂಬ ಆಸೆಯ ಮೇಲೆ. ಅಂಥವರ ಕೈಗೆ ನಿಷೇಧಗಳ ಉದ್ದ ಪಟ್ಟಿ ಕೊಟ್ಟರೆ ಅವರು ಊಟವನ್ನೇ ಬಿಡುತ್ತಾರೆ. ಹಾಗೆ ಬಿಟ್ಟವರು ಎಷ್ಟೋ ಜನ. ಕೆಲಸಕ್ಕೆ ಹೋಗುವ ದಿನ ಹಸಿದೇ ಹೊರಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಗಾಳಿ ನಿಲ್ಲುವುದಿಲ್ಲ, ಶಕ್ತಿ ಮಾತ್ರ ಕುಂದುತ್ತದೆ. ಒಂದೊಂದೇ ಪದಾರ್ಥವನ್ನು ತಿಂದು ನೋಡಿ, ತನಗೆ ಯಾವುದು ಆಗದೋ ಅದನ್ನು ಮಾತ್ರ, ಅದೂ ವಾಸನೆ ಬೇಡವಾದ ದಿನ ಮಾತ್ರ ಬಿಡುವುದು ಸರಿಯಾದ ದಾರಿ. ಇದ್ದಿಲಿನ ಮಾತ್ರೆ ನುಂಗಿದರೆ ವಾಸನೆ ಹೋಗುತ್ತದೆಂಬ ನಂಬಿಕೆಯೂ ಇದೆ. ಚೀಲದ ಫಿಲ್ಟರಿನಲ್ಲಿ ಕೆಲಸ ಮಾಡುವ ಇದ್ದಿಲು ನುಂಗಿದಾಗ ಪ್ರಯೋಜನಕ್ಕೆ ಬರಲಿಲ್ಲವೆಂದು ಲೆವಿಟ್ ಅವರ ತಂಡವೇ ಆಮೇಲೆ ತೋರಿಸಿತು. ಇನ್ನೊಂದು ಉಪಾಯ ಹೆಚ್ಚು ಭರವಸೆಯದು. ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ, ಅಂದರೆ ಹೊಟ್ಟೆಯ ಎಡಬದಿಗೆ ಕೊಲೊಸ್ಟಮಿ ಆದವರು, ವೈದ್ಯರ ಒಪ್ಪಿಗೆ ಪಡೆದು, ಸ್ಟೋಮಾದ ಮೂಲಕ ಉಗುರುಬೆಚ್ಚಗಿನ ನೀರು ಹಾಯಿಸಿ ಕರುಳನ್ನು ತೊಳೆದುಕೊಳ್ಳುವುದನ್ನು ಕಲಿಯಬಹುದು. ಚೆನ್ನಾಗಿ ಒಗ್ಗಿದವರಿಗೆ ಮುಂದೆ ಒಂದು ದಿನ, ಕೆಲವರಿಗೆ ಎರಡು ದಿನ ಮಲವೇ ಬರುವುದಿಲ್ಲ. ಚೀಲದ ಖರ್ಚೂ ಇಳಿಯುತ್ತದೆ. ಆದರೆ ಅದಕ್ಕೆ ಸುಮಾರು ಒಂದು ಗಂಟೆ ಶೌಚಾಲಯ ತನ್ನದಾಗಿರಬೇಕು, ಶುದ್ಧ ನೀರಿರಬೇಕು. ಹತ್ತು ಮನೆಗೆ ಒಂದೇ ಶೌಚಾಲಯವಿರುವ ವಸತಿಯಲ್ಲಿ, ಬಾಗಿಲು ಬಡಿಯುವವರ ನಡುವೆ, ಇದು ಸಾಧ್ಯವೇ? ಊಟದ ಮಾತು ಎತ್ತಿದರೂ ಕೊನೆಗೆ ಬಂದು ನಿಲ್ಲುವುದು ಶೌಚಾಲಯದ ಬಾಗಿಲಿಗೇ.

ಸಲಕರಣೆ ಸರಿಯಿದ್ದೂ ಭಯ ಹೋಗದಿರುವುದುಂಟು. ಇದಕ್ಕೆ ಕಾರಣ ಮೂಗಿನ ಸ್ವಭಾವ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತಿದ್ದರೆ ಮೂಗು ಅದನ್ನು ಗ್ರಹಿಸುವುದನ್ನೇ ಬಿಡುತ್ತದೆ. ಬೆಳ್ಳುಳ್ಳಿ ಚೀಲಗಳ ನಡುವೆ ದಿನ ಕಳೆಯುವವರಿಗೆ ಬೆಳ್ಳುಳ್ಳಿ ನಾರುವುದಿಲ್ಲ. ಕೊಲೊಸ್ಟಮಿ ಆದವರಿಗೆ ಇದು ಗೊತ್ತು, ಆದ್ದರಿಂದ ‘ನನಗೆ ಬರುತ್ತಿಲ್ಲ, ಆದರೆ ಇವರಿಗೆಲ್ಲ ಬರುತ್ತಿರಬಹುದು’ ಎಂಬ ಅನುಮಾನ ಅವರನ್ನು ಬಿಡದೆ ಕಾಡುತ್ತದೆ. ಪಕ್ಕದವರು ಮೂಗು ಉಜ್ಜಿಕೊಂಡರೂ, ಕಿಟಕಿ ತೆರೆದರೂ ತನ್ನಿಂದಲೇ ಎಂದು ಕುಗ್ಗುತ್ತಾರೆ. ಈ ಅನುಮಾನವನ್ನು ತಾವೊಬ್ಬರೇ ಬಗೆಹರಿಸಿಕೊಳ್ಳಲು ಆಗದು, ಇನ್ನೊಬ್ಬರ ಮೂಗು ಬೇಕು. ಮನೆಯಲ್ಲಿ ಹೆಂಡತಿಯೋ ಗಂಡನೋ ಮಗಳೋ, ಕೆಲಸದಲ್ಲಿ ಒಬ್ಬ ಗೆಳೆಯನೋ ‘ಬಂದರೆ ಹೇಳುತ್ತೇನೆ, ಬರದಿದ್ದರೆ ಸುಮ್ಮನಿರುತ್ತೇನೆ’ ಎಂದು ಮಾತು ಕೊಟ್ಟರೆ ಸಾಕು, ಅವರ ಮೌನವೇ ಧೈರ್ಯವಾಗುತ್ತದೆ. ಊರಿಗೆಲ್ಲ ಹೇಳಬೇಕಾಗಿಲ್ಲ. ಹೇಳಿದರೆ ಕೂಲಿ ತಪ್ಪೀತೆಂಬ ಆತಂಕ ಸುಳ್ಳಲ್ಲ. ಆದರೆ ಯಾರಿಗೂ ಹೇಳದೆ ಉಳಿದವರು ಚೀಲ ತುಂಬಿದಾಗ ಎದ್ದುಹೋಗಲೂ ಕಾರಣ ಹುಡುಕಬೇಕಾಗುತ್ತದೆ, ಆ ಹೊತ್ತಿಗೇ ಚೀಲ ಸೋರುತ್ತದೆ. ಗಾಳಿಯ ಸದ್ದನ್ನು ಪೂರ್ತಿ ತಡೆಯುವ ಉಪಾಯವಿಲ್ಲ. ಸ್ಟೋಮಾದ ಮೇಲೆ ಕೈಯನ್ನು ಮೆಲ್ಲಗೆ ಒತ್ತಿಕೊಂಡರೆ ಸದ್ದು ತಗ್ಗುತ್ತದೆ. ಚೀಲ ಖಾಲಿ ಮಾಡುವಾಗ ವಾಸನೆ ಬಂದೇ ಬರುತ್ತದೆ. ಅದು ಶೌಚಾಲಯದಲ್ಲಿ ಎಲ್ಲರಿಂದಲೂ ಬರುವಂಥದ್ದೇ.

ನಮ್ಮ ಸಮಾಜದಲ್ಲಿ ವಾಸನೆಯ ಮಾತು ವಾಸನೆಯಲ್ಲೇ ನಿಲ್ಲುವುದಿಲ್ಲ, ಮಡಿ-ಮೈಲಿಗೆಗೆ ಹೋಗಿ ಮುಟ್ಟುತ್ತದೆ. ‘ಮಲದ ಚೀಲ ಕಟ್ಟಿಕೊಂಡು ದೇವರ ಮನೆಗೆ ಹೋಗಬಹುದೇ, ಅಡುಗೆ ಮುಟ್ಟಬಹುದೇ, ಮದುವೆಯ ಪಂಕ್ತಿಯಲ್ಲಿ ಕೂರಬಹುದೇ?’ ಈ ಪ್ರಶ್ನೆಗಳನ್ನು ತಳ್ಳಿಹಾಕಿದರೆ ಕೇಳುವವರ ನೋವನ್ನು ಅವಮಾನಿಸಿದಂತೆ. ಶ್ರದ್ಧೆ ಇದ್ದವರಿಗೆ ಹೇಳಬಹುದಾದ ಉತ್ತರ ಹೀಗಿದೆ: ಗರ್ಭಗುಡಿಯಲ್ಲಿ ನಿಂತ ಅರ್ಚಕರ ಕರುಳಿನಲ್ಲೂ ಆ ಹೊತ್ತಿಗೆ ಮಲವಿದೆ. ಇವರದು ಕೆಲವು ಅಂಗುಲ ಆಚೆ, ಮುಚ್ಚಿದ ಚೀಲದಲ್ಲಿದೆ. ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ಮಲಮೂತ್ರ ತಡೆಹಿಡಿಯಲಾಗದವರನ್ನು ವಿನಾಯಿತಿ ಉಳ್ಳವರೆಂದು ಪರಿಗಣಿಸಿ, ಪ್ರತಿ ನಮಾಜಿಗೆ ವುಜೂ ಎಂಬ ಅಂಗಶುದ್ಧಿ ಮಾಡಿ ಪ್ರಾರ್ಥಿಸಲು ಅವಕಾಶವಿದೆ. ಹಮಾಲ್ ಪಂಚಾಯತ್ ಕಟ್ಟಿದ ಬಾಬಾ ಆಢಾವ್ 1972ರ ಹೊತ್ತಿಗೆ ‘ಒಂದು ಊರು, ಒಂದೇ ನೀರಿನ ಜಾಗ’ ಎಂಬ ಚಳವಳಿ ನಡೆಸಿ, ಕೆಲವರು ಮುಟ್ಟಿದರೆ ನೀರು ಕೆಡುತ್ತದೆಂಬ ನಂಬಿಕೆಯ ವಿರುದ್ಧ ಹಳ್ಳಿ ಹಳ್ಳಿ ತಿರುಗಿದರು. ಹುಟ್ಟಿನ ಕಾರಣಕ್ಕೆ ಮನುಷ್ಯನನ್ನು ದೂರ ಇಟ್ಟ ಬುದ್ಧಿಯೇ ರೋಗದ ಕಾರಣಕ್ಕೂ ದೂರ ಇಡುತ್ತದೆ ಎಂದು ನಾನು ತಿಳಿದಿದ್ದೇನೆ. ಕೊಲೊಸ್ಟಮಿ ಅಂಟುರೋಗವೇನೂ ಅಲ್ಲ ಎಂಬುದನ್ನು ಇಂದಿಗೂ ಬಿಡಿಸಿ ಹೇಳಬೇಕಾಗಿದೆ.

ಹಾಗಾದರೆ ಯಾರ್ಡಿನಂಥ ಜಾಗದಲ್ಲಿ ಏನಾಗಬೇಕು? ಶೌಚಾಲಯದೊಳಗೆ ಒಂದು ನಲ್ಲಿ, ಸಾಮಾನು ಇಡಲು ಒಂದು ಹಲಗೆ, ಅಂಗಿ ತೂಗುಹಾಕಲು ಕೊಂಡಿ, ಹೊಟ್ಟೆಯ ಮಟ್ಟಕ್ಕೆ ಕನ್ನಡಿ, ಮುಚ್ಚಳವಿರುವ ಕಸದ ಡಬ್ಬಿ, ಗಟ್ಟಿಯಾಗಿ ಹಾಕಿಕೊಳ್ಳುವ ಚಿಲಕ. ಇವುಗಳಲ್ಲಿ ಹಲವನ್ನು ಬ್ರಿಟನ್ನಿನ ಕೊಲೊಸ್ಟಮಿ ಸಂಘಟನೆ ತನ್ನ ದೇಶದ ಸಾರ್ವಜನಿಕ ಶೌಚಾಲಯಗಳಿಗೆ ಕೇಳುತ್ತ ಬಂದಿದೆ. ಜಪಾನಿನ ರೈಲು ನಿಲ್ದಾಣಗಳಲ್ಲಿ ಚೀಲ ಖಾಲಿ ಮಾಡಿ ತೊಳೆಯಲೆಂದೇ ಸೊಂಟದೆತ್ತರದ ಬೇಸಿನ್ನುಗಳಿವೆ, ಬಾಗಿಲ ಮೇಲೆ ಅದರ ಗುರುತೂ ಇದೆ. ‘ಬೆರಳೆಣಿಕೆಯ ರೋಗಿಗಳಿಗಾಗಿ ಇಷ್ಟು ಖರ್ಚೇ?’ ಎಂದು ಮಾರುಕಟ್ಟೆ ಸಮಿತಿ ಕೇಳಬಹುದು. ಮೇಲಿನ ವಸ್ತುಗಳನ್ನು ಇನ್ನೊಮ್ಮೆ ನೋಡಿ. ಮುಟ್ಟಾದ ದಿನ ಸೊಪ್ಪು ಮಾರಲು ಬಂದ ಹೆಣ್ಣುಮಗಳಿಗೆ, ಡಯಾಪರ್ ಧರಿಸಿದ ಮುದುಕರಿಗೆ, ರಾತ್ರಿಯಿಡೀ ಲಾರಿ ಓಡಿಸಿ ಬಂದ ವಿಜಯಪುರದ ಡ್ರೈವರಿಗೆ ಇವುಗಳಲ್ಲಿ ಯಾವುದು ಬೇಡ? ಬಳಸಿದ ಚೀಲದ ವಿಲೇವಾರಿಗೂ ಪುಣೆಯಲ್ಲೇ ಮಾದರಿ ಇದೆ. 1993ರಲ್ಲಿ ಹುಟ್ಟಿದ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಮತ್ತು ಮುಂದೆ ಅದರಿಂದ ರೂಪುಗೊಂಡ ‘ಸ್ವಚ್ಛ್’ ಸಹಕಾರಿಯ ಚಿಂದಿ ಆಯುವ ಹೆಣ್ಣುಮಕ್ಕಳು, ಸ್ಯಾನಿಟರಿ ಕಸವನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕೆ ಇಟ್ಟು ಕೊಡಿ ಎಂದು ಊರನ್ನು ಕೇಳಿಕೊಂಡರು. ಮಲವನ್ನು ಶೌಚಾಲಯಕ್ಕೆ ಸುರಿದು, ಚೀಲ ಮಡಚಿ, ಕಾಗದ ಸುತ್ತಿ, ಕೆಂಪು ಚುಕ್ಕೆ ಇಟ್ಟರೆ ಅದನ್ನು ಎತ್ತುವ ಕೈಗೂ ಮರ್ಯಾದೆ ಉಳಿಯುತ್ತದೆ.

ಖರ್ಚಿನ ಮಾತನ್ನು ಮುಚ್ಚಿಡಲಾಗದು. ಪ್ಲೇಟನ್ನು ಮೂರು-ನಾಲ್ಕು ದಿನಕ್ಕೊಮ್ಮೆ ಬದಲಿಸಿದರೂ ತಿಂಗಳಿಗೆ ಎಂಟು-ಹತ್ತು ಬೇಕು, ಬದುಕಿರುವವರೆಗೂ ಬೇಕು. ಕೂಲಿಯವರು ಅದನ್ನು ವಾರಗಟ್ಟಲೆ ಎಳೆಯುತ್ತಾರೆ, ಚೀಲ ತೊಳೆದು ಮತ್ತೆ ಬಳಸುತ್ತಾರೆ. ಒದ್ದೆಯಾದ ಇದ್ದಿಲಿನ ಫಿಲ್ಟರ್ ಕೆಲಸ ಮಾಡುವುದಿಲ್ಲ, ಬೆವರಿಗೆ ಪ್ಲೇಟು ಏಳುತ್ತದೆ, ವಾಸನೆ ಬರುತ್ತದೆ. ಆಗ ಜನ ‘ಅವನು ನಾರುತ್ತಾನೆ’ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಶಾಶ್ವತ ಕೊಲೊಸ್ಟಮಿ ಇದ್ದವರಿಗೆ ಔಷಧ ಚೀಟಿಯ ಶುಲ್ಕವಿಲ್ಲ. ಜಪಾನಿನಲ್ಲಿ ಅವರಿಗೆ ಅಂಗವಿಕಲರ ಪ್ರಮಾಣಪತ್ರ ಸಿಗುತ್ತದೆ, ಚೀಲಕ್ಕೆ ಸಹಾಯಧನವಿದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಯ ವೈಕಲ್ಯಗಳಲ್ಲಿ ಸ್ಟೋಮಾ ಇಲ್ಲ. ಆಪರೇಷನ್ನಿಗೆ ಸರ್ಕಾರಿ ಯೋಜನೆಯ ಹಣ ಒದಗಿಸಿ, ಆ ಆಪರೇಷನ್ನಿನಿಂದಲೇ ಜೀವನಪೂರ್ತಿ ಬೇಕಾದ ಚೀಲವನ್ನು ರೋಗಿಯ ಜೇಬಿಗೆ ಬಿಡುವುದು ಅರ್ಧ ಚಿಕಿತ್ಸೆ. ಹೊರೆ ಹೊರುವವರ ವಿಷಯದಲ್ಲಿ ಇನ್ನೊಂದು ಅಪಾಯವಿದೆ: ಸ್ಟೋಮಾ ಇರುವ ಕಡೆ ಹೊಟ್ಟೆಯ ಗೋಡೆ ದುರ್ಬಲ, ಭಾರ ಎತ್ತಿದರೆ ಹರ್ನಿಯಾ ಆಗಿ ಪ್ಲೇಟು ಕೂರದಂತಾಗುತ್ತದೆ. ‘ಹಮಾಲಿಗೆ ಕೊಲೊಸ್ಟಮಿ ಆದರೆ ಅವನ ಕೆಲಸ ಮುಗಿಯಿತು’ ಎಂಬ ತೀರ್ಪು ಇಲ್ಲಿಂದ ಬರುತ್ತದೆ. ಆದರೆ ಯಾರ್ಡಿನಲ್ಲಿ ಹೊರುವುದೊಂದೇ ಕೆಲಸವೇ? ತೂಕ, ಎಣಿಕೆ, ವಿಂಗಡಣೆ, ಚೀಲ ಹೊಲಿಯುವುದು, ಕಾವಲು ಇವೆ. ಮಹಾರಾಷ್ಟ್ರದ 1969ರ ಮಾಥಾಡಿ ಕಾಯ್ದೆ ಹಮಾಲರಿಗಾಗಿ ಮಂಡಳಿ ರಚಿಸಿ, ನೋಂದಣಿ ಮಾಡಿಸಿ, ಭವಿಷ್ಯನಿಧಿ ಮತ್ತು ವೈದ್ಯಕೀಯ ಸೌಲಭ್ಯದ ದಾರಿ ತೆರೆಯಿತು. ಅಂಥ ಮಂಡಳಿಗಳು ಹಗುರ ಕೆಲಸಕ್ಕೆ ಬದಲಿಸುವ, ತಿಂಗಳ ಚೀಲ ಒದಗಿಸುವ ಹೊಣೆ ಹೊರಬಲ್ಲವು, ಹೊರಬೇಕು. ಕರ್ನಾಟಕದ ಎಪಿಎಂಸಿ ಯಾರ್ಡುಗಳಲ್ಲಿ ದುಡಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಈ ತೊಂದರೆಗಳಲ್ಲಿ ಬಹಳಷ್ಟನ್ನು ಆಪರೇಷನ್ನಿಗೆ ಮೊದಲೇ ತಪ್ಪಿಸಬಹುದು. ತುರ್ತಿನ ಸಂದರ್ಭ ಬಿಟ್ಟರೆ, ಸ್ಟೋಮಾ ಎಲ್ಲಿ ಬರಬೇಕೆಂದು ಹಿಂದಿನ ದಿನವೇ ಹೊಟ್ಟೆಯ ಮೇಲೆ ಗುರುತು ಹಾಕಬೇಕು. ರೋಗಿಯನ್ನು ಮಲಗಿಸಿ ಮಾತ್ರವಲ್ಲ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಬೇಕು. ಮಡಿಕೆ ಬೀಳುವ ಕಡೆ, ಹಳೆ ಗಾಯದ ಕಲೆಯ ಮೇಲೆ ಪ್ಲೇಟು ನಿಲ್ಲುವುದಿಲ್ಲ. ಸೀರೆ ಉಡುವವರ ಲಂಗದ ಲಾಡಿ ಎಲ್ಲಿ ಬಿಗಿಯುತ್ತದೆ, ಧೋತರದ ಗಂಟು ಎಲ್ಲಿ ಬರುತ್ತದೆ, ನೆಲದ ಮೇಲೆ ಚಕ್ಕಳಮಕ್ಕಳ ಕೂತಾಗ ಹೊಟ್ಟೆ ಎಲ್ಲಿ ಮಡಚುತ್ತದೆ, ಸೊಂಟಕ್ಕೆ ಹಗ್ಗ ಕಟ್ಟುವ ಕೆಲಸವೇ ಎಂದು ವಿಚಾರಿಸಬೇಕು. ಗುರುತು ಹಾಕಬಲ್ಲ, ಚೀಲ ಬದಲಿಸುವುದನ್ನು ಕಲಿಸಬಲ್ಲ ನರ್ಸುಗಳಿಗೆ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ತರಬೇತಿ ನಡೆಯುತ್ತ ಬಂದಿದೆ. ಮುಂಬೈಯ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಈಗಾಗಲೇ ಚೀಲದೊಂದಿಗೆ ಬಾಳುತ್ತಿರುವವರನ್ನು ಹೊಸಬರಿಗೆ ಭೇಟಿ ಮಾಡಿಸುತ್ತದೆ. ಆಪರೇಷನ್ನಿಗೆ ದಿನ ಗೊತ್ತಾದವರು, ಇಲ್ಲವೇ ಅವರ ಜೊತೆ ಹೋಗುವ ಮನೆಯವರು, ಸರ್ಜನ್ ಎದುರು ಸಂಕೋಚವಿಲ್ಲದೆ ಕೇಳಬೇಕಾದ್ದು ಇವು: ಗುರುತು ಯಾರು ಹಾಕುತ್ತಾರೆ, ಯಾವಾಗ? ಡಿಸ್ಚಾರ್ಜ್ ಆಗುವ ಮೊದಲು ನಮ್ಮ ಕೈಯಿಂದಲೇ ಎರಡು ಸಲ ಚೀಲ ಬದಲಿಸಲು ಹೇಳಿಕೊಡುತ್ತೀರಾ, ನಮಗೆ ಗೊತ್ತಿರುವ ಭಾಷೆಯಲ್ಲಿ? ಸ್ಟೋಮಾ ಕಪ್ಪಾದರೆ, ದಿನವಿಡೀ ಏನೂ ಬಾರದೆ ಹೊಟ್ಟೆ ಉಬ್ಬಿ ನೋವು ಬಂದರೆ ಯಾರಿಗೆ ಫೋನ್ ಮಾಡಬೇಕು? ಮುಂದಿನ ತಿಂಗಳ ಚೀಲ ಯಾವ ಅಂಗಡಿಯಲ್ಲಿ, ಎಷ್ಟಕ್ಕೆ ಸಿಗುತ್ತದೆ?